ಒಂಬತ್ತು ಪಂಕ್ಚರ್, ಒಂದು ಬೆಂಕಿಪೊಟ್ಟಣ

ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಭಾವ ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಸೈಕಲ್ಲು ಕಾರಿನಲ್ಲಿ ಬಂದಿದೆ ಅಂದಾಗಲೇ ವಿಷಯ ಅರ್ಥವಾಯಿತು.

"ನೋಡಪ್ಪಾ, ಇದಕ್ಕೆ ಪಂಕ್ಚರ್ ಆಗ್ದೇ ಇರೋ ಟೈರ್ ಹಾಕ್ಸಿಕೊಡು. ಎಷ್ಟಾದ್ರೂ ಆಗ್ಲಿ. ಇಲ್ಲಾಂದ್ರೆ ಮಾರಿಬಿಡ್ತೀನಿ."

ಹಿಂದಿನ ಸೀಟಿನಿಂದ ಇಳಿದ ಅಕ್ಕ, "ಮಾರೋದೇ ವಾಸಿ" ಅಂದಳು.

ಜೂನ್ ಕೊನೆಯಿಂದ ಹನ್ನೊಂದು ವಾರಗಳಲ್ಲಿ ಒಂಬತ್ತು ಪಂಕ್ಚರ್. ಅದರಲ್ಲಿ ಎರಡು ಸಲ ಭಾವ ಶೂ ಕೈಲಿ ಹಿಡಿದು, ಪ್ಯಾಂಟ್ ಮಡಚಿಕೊಂಡು, ಬೆಂಗಳೂರಿನ ನಾಯಂಡಹಳ್ಳಿಯ ಮಳೆನೀರಲ್ಲಿ ಸೈಕಲ್ ತಳ್ಳಿದ್ದರು. ಯಾರಿಗಾದರೂ ಬೇಸರವಾಗಬೇಕಾದ್ದೇ.

ರೋಡ್ ಬೈಕಿಗೆ, ಅಂದರೆ ಸಪೂರ ಟೈರಿನ ರಸ್ತೆ ಸೈಕಲ್ಲಿಗೆ, ಟೈರ್ ಆರಿಸಿಕೊಡಿ ಅಂತ ನನ್ನನ್ನು ಕೇಳುವವರು ವರ್ಷಕ್ಕೆ ನಾಲ್ಕೈದು ಜನ ಇರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಯಾವ ಕಂಪನಿದು ಒಳ್ಳೇದು ಅಂತ. ಭಾವನದ್ದೂ ಅದೇ. ಆದರೆ ಅವರ ಹತ್ತಿರ ಬೇರೆಯವರಲ್ಲಿ ಇಲ್ಲದ ಒಂದು ವಸ್ತು ಇತ್ತು. ಅದರಿಂದಾಗಿ ಈ ಕೇಸನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು.

ಮೊದಲು ಸವಾರ, ಸೈಕಲ್ಲು, ರಸ್ತೆ

ಭಾವನಿಗೆ 52 ವರ್ಷ, 82 ಕೆಜಿ. ಬ್ಯಾಂಕ್ ಉದ್ಯೋಗ. ಶುಗರ್ ಗಡಿಯಲ್ಲಿದೆ, ಓಡಾಡಿ ಅಂತ ಡಾಕ್ಟರ್ ಹೇಳಿದ ಮೇಲೆ ಸಹೋದ್ಯೋಗಿಯ ಮಗನ ಸೈಕಲ್ಲನ್ನು 18 ಸಾವಿರಕ್ಕೆ ಕೊಂಡರು. ಅಲ್ಯೂಮಿನಿಯಂ ಫ್ರೇಮು, ಬಾಗಿದ ಹ್ಯಾಂಡಲ್, ರಿಮ್ಮನ್ನು ಹಿಡಿಯುವ ಕ್ಯಾಲಿಪರ್ ಬ್ರೇಕು, 700×23ಸಿ ಟೈರು, ಅಂದರೆ 23 ಮಿಲಿಮೀಟರ್ ಅಗಲದ್ದು. ರೇಸ್ ಓಡಿಸುವ ಹುಡುಗನಿಗೆ ಹೇಳಿ ಮಾಡಿಸಿದ್ದು. ಸೈಕಲ್ಲು ಹತ್ತು ಕೆಜಿ, ಬೆನ್ನಿನ ಬ್ಯಾಗು ನಾಲ್ಕು ಕೆಜಿ. ಬ್ಯಾಗಿನಲ್ಲಿ ಊಟದ ಡಬ್ಬಿ, ಇಸ್ತ್ರಿ ಶರ್ಟು, ಒಂದು ಟವೆಲ್ಲು. ಒಟ್ಟು 96 ಕೆಜಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ದಾರಿ ಕೆಂಗೇರಿ ಉಪನಗರದಿಂದ ಬಸವನಗುಡಿ, ಒಂದು ಕಡೆಗೆ ಸುಮಾರು 13 ಕಿಲೋಮೀಟರು, ವಾರಕ್ಕೆ ನಾಲ್ಕು ದಿನ. ಮೈಸೂರು ರಸ್ತೆ, ತಲೆ ಮೇಲೆ ಮೆಟ್ರೋ, ನಾಯಂಡಹಳ್ಳಿ ಜಂಕ್ಷನ್, ಅಲ್ಲಿಂದ ಹೊಸಕೆರೆಹಳ್ಳಿ, ಗಿರಿನಗರ, ಹನುಮಂತನಗರದ ಏರು, ಆಮೇಲೆ ಬಸವನಗುಡಿಯ ಮರದ ನೆರಳು.

ನಾನು ಆ ದಾರಿಯಲ್ಲಿ ಭಾವನ ಹಿಂದೆ ಒಂದು ದಿನ ಹೋಗಿ ನೋಡಿದೆ. ಎಡಗಡೆಯ ಅಂಚಿನಲ್ಲೇ ಹೋಗುತ್ತಾರೆ. ಬಸ್ಸು ಲಾರಿಗೆ ಹೆದರಿ ಎಲ್ಲರೂ ಹಾಗೇ ಹೋಗುವುದು. ಆದರೆ ರಸ್ತೆಯ ಕಸವೆಲ್ಲ ಸೇರುವುದು ಅಲ್ಲೇ. ಲಾರಿ ಬಸ್ಸುಗಳ ಚಕ್ರ ನಡುಭಾಗವನ್ನು ಗುಡಿಸಿ ಗುಡಿಸಿ ಮರಳು, ಗಾಜಿನ ಚೂರು, ಜಲ್ಲಿ, ಮೊಳೆ ಎಲ್ಲವನ್ನೂ ಅಂಚಿಗೆ ತಳ್ಳಿರುತ್ತದೆ. ಸಿಡಿದ ಲಾರಿ ಟೈರಿನ ಚಿಂದಿಯೂ ಅಲ್ಲೇ ಬಿದ್ದಿರುತ್ತದೆ. ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದಲ್ಲ, ಅದು ಹರಿದು ಕೂದಲಿನಂಥ ಎಳೆ ಎಳೆಯಾಗಿ ಚೆಲ್ಲಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸೈಕಲ್ಲಿನವರ ಪಾಲಿಗೆ ಮೊಳೆಗಿಂತ ದೊಡ್ಡ ಶತ್ರು ಅದು. ಮೊಳೆ ಚುಚ್ಚಿದರೆ ಕಾಣುತ್ತದೆ, ತೆಗೆಯುತ್ತೀರಿ. ತಂತಿ ಟೈರಿನಲ್ಲೇ ಕೂತು ಹೊಸ ಟ್ಯೂಬನ್ನೂ ಮಾರನೇ ದಿನ ತಿನ್ನುತ್ತದೆ.

ಕ್ಯಾರಿ ಬ್ಯಾಗಿನಲ್ಲಿದ್ದ ಸಾಕ್ಷಿ

ಭಾವ ಬ್ಯಾಂಕಿನವರು. ಏನನ್ನೂ ಬಿಸಾಡುವವರಲ್ಲ. ಹಳೇ ಟ್ಯೂಬುಗಳನ್ನೆಲ್ಲ ಒಂದು ಕ್ಯಾರಿ ಬ್ಯಾಗಿನಲ್ಲಿ ಇಟ್ಟಿದ್ದರು. ಯಾವ ಟ್ಯೂಬು ಯಾವ ದಿನ ಹೋಯಿತು ಅಂತ ಡೈರಿಯಲ್ಲಿ ಬರೆದಿದ್ದರು. ಮೇಲಾಗಿ ಒಂದು ಬೆಂಕಿಪೊಟ್ಟಣ. ಪಂಕ್ಚರ್ ಅಂಗಡಿಯವರು ಟೈರಿನಿಂದ ಏನಾದರೂ ತೆಗೆದು "ಇದೇ ನೋಡಿ ಸಾರ್" ಅಂತ ತೋರಿಸಿದಾಗಲೆಲ್ಲ ಇವರು ಅದನ್ನು ಇಸಕೊಂಡು ಪೊಟ್ಟಣಕ್ಕೆ ಹಾಕಿದ್ದರು.

ಒಂಬತ್ತು ಪಂಕ್ಚರ್. ಪೊಟ್ಟಣ ತೆರೆದರೆ ಒಳಗಿದ್ದದ್ದು ಮೂರೇ ವಸ್ತು. ಎರಡು ತುಂಡು ತಂತಿ, ಒಂದು ಗಾಜಿನ ಚೂರು.

"ಮಿಕ್ಕ ಆರು ಎಲ್ಲಿ ಭಾವ?"

"ಅವರಿಗೆ ಏನೂ ಸಿಗ್ಲಿಲ್ಲಪ್ಪ. ಬಿದ್ದುಹೋಗಿರುತ್ತೆ ಅಂದ್ರು."

ಬಿದ್ದುಹೋಗಿರಲಿಲ್ಲ. ಟ್ಯೂಬುಗಳನ್ನು ಒಂದೊಂದಾಗಿ ಗಾಳಿ ತುಂಬಿ ಬಕೆಟ್ಟಿನಲ್ಲಿ ಅದ್ದಿ ನೋಡಿದೆ. ತೇಪೆ ಹಾಕಿದ್ದ ಕಡೆ ಗುರುತು ಮಾಡಿಕೊಂಡೆ. ಅರ್ಧ ಗಂಟೆಯಲ್ಲಿ ಚಿತ್ರ ಸಿಕ್ಕಿತು.

ನಾಲ್ಕು ಪಂಕ್ಚರಿನಲ್ಲಿ ತೂತು ಒಂದಲ್ಲ, ಎರಡು. ಅಕ್ಕಪಕ್ಕ, ಒಂದು ಬೆರಳು ದೂರದಲ್ಲಿ, ಸಣ್ಣ ಸೀಳು. ಹಾವು ಕಚ್ಚಿದ ಗುರುತಿನ ಹಾಗೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಟೈರು ಪೂರ್ತಿ ಅಮುಕಿ, ಆ ಅಂಚಿಗೂ ರಿಮ್ಮಿನ ಎರಡು ಕಂಠಗಳಿಗೂ ನಡುವೆ ಟ್ಯೂಬು ಸಿಕ್ಕಿ ಆಗುವ ಗಾಯ ಇದು. ಚುಚ್ಚಿದ್ದು ಏನೂ ಇಲ್ಲ. ಗಾಳಿ ಕಮ್ಮಿ ಇತ್ತು, ಅಷ್ಟೇ.

ಇನ್ನೆರಡರಲ್ಲಿ ತೂತು ಟ್ಯೂಬಿನ ಒಳಮೈಯಲ್ಲಿ, ಅಂದರೆ ರಸ್ತೆ ಕಡೆ ಅಲ್ಲ, ರಿಮ್ಮಿನ ಕಡೆ. ಟೈರು ಬಿಚ್ಚಿ ನೋಡಿದರೆ ಒಳಗಿನ ರಿಮ್ ಟೇಪು ಒಂದು ಪಕ್ಕಕ್ಕೆ ಜರುಗಿ, ಕಡ್ಡಿಯ ತೂತು ಅರ್ಧ ಬಾಯಿ ತೆರೆದಿತ್ತು. ಗಾಳಿ ಗಟ್ಟಿ ತುಂಬಿದಾಗ ಟ್ಯೂಬು ಆ ತೂತಿನೊಳಕ್ಕೆ ಉಬ್ಬಿ ಅಂಚಿಗೆ ಉಜ್ಜುತ್ತದೆ. ಪ್ರಪಂಚದ ಎಂಥ ದುಬಾರಿ ಟೈರು ಹಾಕಿದರೂ ಇದು ನಿಲ್ಲುತ್ತಿರಲಿಲ್ಲ.

ಅಂದರೆ ಟೈರಿನ ಮೇಲೆ ಹೊರಿಸಬಹುದಾದ್ದು ಒಂಬತ್ತರಲ್ಲಿ ಮೂರು. ಇನ್ನೊಂದು ಮಾತು. ಒಂಬತ್ತರಲ್ಲಿ ಎಂಟು ಹಿಂದಿನ ಚಕ್ರದ್ದು. ಮುಂದಿನದಕ್ಕೆ ಆಗಿದ್ದು ಗಾಜಿನ ಚೂರು ಮಾತ್ರ.

ನಾಲ್ಕು ಹಾವು ಕಡಿತ ಯಾಕೆ ಆಯಿತು ಅನ್ನುವುದನ್ನು ಕೆದಕಿದರೆ ಅದು ವಾಲ್ವಿಗೆ ಹೋಗಿ ನಿಂತಿತು. ರೋಡ್ ಬೈಕಿನ ಟ್ಯೂಬಿನದ್ದು ಪ್ರೆಸ್ಟಾ ವಾಲ್ವು, ಸಪೂರ, ತುದಿಯಲ್ಲಿ ಪುಟ್ಟ ತಿರುಪು. ಬೀದಿಯ ಗಾಳಿ ಮಶೀನಿನ ಮೂತಿ ಅದಕ್ಕೆ ಕೂರುವುದಿಲ್ಲ. ಭಾವ ಮನೆಯಲ್ಲಿದ್ದ ಅಂಗೈ ಉದ್ದದ ಪಂಪಿನಲ್ಲಿ ಕೈ ಸೋಲುವ ತನಕ ಹೊಡೆದು, ಹೆಬ್ಬೆರಳಲ್ಲಿ ಒತ್ತಿ ನೋಡಿ, "ಕಲ್ಲಾಗಿದೆ" ಅಂತ ತೀರ್ಮಾನಿಸುತ್ತಿದ್ದರು. ಅವತ್ತು ನನ್ನ ಮುಂದೆ ಹಾಗೇ ಹೊಡೆಸಿ, ಮೀಟರ್ ಇಟ್ಟು ನೋಡಿದೆ. 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಆ ತೂಕಕ್ಕೆ ಆ 23ರ ಟೈರಿಗೆ ಅದರ ದುಪ್ಪಟ್ಟು ಬೇಕಿತ್ತು. ಹೆಬ್ಬೆರಳಿಗೆ 60ಕ್ಕೂ 100ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನನಗೂ ತಿಳಿಯುವುದಿಲ್ಲ. ಮೇಲಾಗಿ ಸಪೂರ ಟ್ಯೂಬಿನಲ್ಲಿ ಗಾಳಿ ಸುಮ್ನೆ ನಿಲ್ಲಿಸಿದರೂ ವಾರಕ್ಕೆ ಹತ್ತು ಹದಿನೈದು ಪಿಎಸ್‌ಐ ಇಳಿಯುತ್ತದೆ. ಇವರು ಗಾಳಿ ಹೊಡೆಯುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ.

ಮಳೆಗಾಲ ಬೇರೆ. ನೀರು ನಿಂತ ಗುಂಡಿಯ ಅಂಚು ಕಾಣುವುದಿಲ್ಲ. ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ, ನೀರೇ ಎಣ್ಣೆಯ ಕೆಲಸ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಪರೀಕ್ಷೆಗೆ ಅತಿ ಕಷ್ಟದ ಪೇಪರ್.

28 ಅಂದರೆ ಯಾವ 28?

ಅಷ್ಟು ಹೇಳಿದ ಮೇಲೆ ಟೈರ್ ಬದಲಿಸುವುದೇ ಬೇಡ ಅನ್ನಬಹುದಿತ್ತು. ಹಾಗಲ್ಲ. 96 ಕೆಜಿಯಲ್ಲಿ ಹಿಂದಿನ ಚಕ್ರದ ಮೇಲೆ ಬೀಳುವುದು ಸುಮಾರು ಹತ್ತರಲ್ಲಿ ಆರು ಪಾಲು, ಅಂದರೆ 58 ಕೆಜಿ. ಅದನ್ನು 23 ಮಿಲಿಮೀಟರಿನ ಟೈರಿನಲ್ಲಿ ಹೊರಿಸಬೇಕಾದರೆ ಗಾಳಿ ಕಲ್ಲಿನ ಹಾಗೆ ತುಂಬಬೇಕು. ಆಗ ಹಾವು ಕಚ್ಚುವುದು ತಪ್ಪುತ್ತದೆ, ಬೆನ್ನು ಹೋಗುತ್ತದೆ. ಅಗಲದ ಟೈರು ಬೇಕೇ ಬೇಕು.

ಎಷ್ಟು ಅಗಲ? ಭಾವ ಯಾರೋ ಹೇಳಿದ್ದನ್ನು ಕೇಳಿಕೊಂಡು ಆಗಲೇ ಮನೆ ಹತ್ತಿರದ ಸೈಕಲ್ ಅಂಗಡಿಯಲ್ಲಿ "28ರ ಟೈರ್ ಕೊಡಿ" ಅಂದಿದ್ದರಂತೆ. ಅಂಗಡಿಯವರು ಒಳಗಿಂದ ಹಾಲಿನವರ ಸೈಕಲ್ಲಿನ ದಪ್ಪ ಕಪ್ಪು ಟೈರು ತಂದಿಟ್ಟರು. ಅವರ ತಪ್ಪೂ ಇಲ್ಲ. ನಮ್ಮ ಊರುಗಳ ದೊಡ್ಡ ಕರಿ ಸೈಕಲ್ಲಿನ ಟೈರು 28×1½. ಅಲ್ಲಿ 28 ಅಂದರೆ ಹೊರಸುತ್ತಿನ ವ್ಯಾಸ, ಇಂಚಿನಲ್ಲಿ. 700×28ಸಿ ಅನ್ನುವಲ್ಲಿ 28 ಅಂದರೆ ಅಗಲ, ಮಿಲಿಮೀಟರಿನಲ್ಲಿ. ಕರಿ ಸೈಕಲ್ಲಿನ ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ 635 ಮಿಲಿಮೀಟರು, ರೋಡ್ ಬೈಕಿನದ್ದು 622. ಹದಿಮೂರು ಮಿಲಿಮೀಟರು ಸಡಿಲ, ಬಳೆ ಹಾಗೆ ಜಾರಿ ಬೀಳುತ್ತದೆ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 28-622 ಅಂತ ಅಚ್ಚು ಇರುತ್ತದೆ. ಅದೊಂದನ್ನೇ ನಂಬಬೇಕು. ಮಿಕ್ಕ ದೊಡ್ಡ ಅಕ್ಷರವೆಲ್ಲ ಅಲಂಕಾರ.

28 ಬೇಕು ಅನ್ನುವುದು ಸರಿ. ಹಿಡಿಸುತ್ತದಾ? ಇದನ್ನು ಅಳೆಯಲು ಯಾವ ಉಪಕರಣವೂ ಬೇಡ, ಅಲನ್ ಕೀ ಸೆಟ್ ಸಾಕು. 4 ಎಂಎಂ ಕೀ ಅಂದರೆ 4 ಮಿಲಿಮೀಟರ್ ದಪ್ಪ, 6 ಅಂದರೆ 6. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಟೈರಿಗೂ ಮೇಲಿನ ಬ್ರೇಕಿಗೂ ನಡುವೆ ಕೀಗಳನ್ನು ತೂರಿಸುತ್ತಾ ಬಂದೆ. ಮುಂದೆ ಫೋರ್ಕಿನ ಕೆಳಗೆ 8ರ ಕೀ ಆರಾಮವಾಗಿ ಹೋಯಿತು. ಹಿಂದೆ 6ರದ್ದು ಬಿಗಿಯಾಗಿ ಹೋಯಿತು, 8ರದ್ದು ಹೋಗಲಿಲ್ಲ. ಅಕ್ಕಪಕ್ಕದ ಪೈಪುಗಳ ಹತ್ತಿರ ಹಿಂದೆ 5ರ ಕೀ ಎರಡೂ ಕಡೆ ಹೋಯಿತು.

ಈಗ ಲೆಕ್ಕ. ಟೈರು ಅಗಲವಾದಷ್ಟೇ ಹೆಚ್ಚೂಕಡಿಮೆ ಎತ್ತರವೂ ಆಗುತ್ತದೆ. 23ರಿಂದ 25ಕ್ಕೆ ಹೋದರೆ 2 ಮಿಲಿಮೀಟರ್ ಏರುತ್ತದೆ, 28ಕ್ಕೆ ಹೋದರೆ 5. ಹಿಂದೆ 28 ಹಾಕಿದರೆ ಬ್ರೇಕಿಗೂ ಟೈರಿಗೂ ನಡುವೆ ಉಳಿಯುವುದು ಒಂದು ಮಿಲಿಮೀಟರ್. ಅಂಗಡಿಯಲ್ಲಿ ಚಕ್ರ ತಿರುಗುತ್ತದೆ, "ಹಿಡೀತು ಸಾರ್" ಅನ್ನುತ್ತಾರೆ. ರಸ್ತೆಯಲ್ಲಿ ಒದ್ದೆ ಮರಳಿನ ಕಾಳು ಅಂಟಿಕೊಂಡು ಬಂದರೆ ಪ್ರತಿ ಸುತ್ತಿಗೂ ಕರಕರ. ಒಂದು ಕಡ್ಡಿ ಮುರಿದು ಚಕ್ರ ಸ್ವಲ್ಪ ಅಲ್ಲಾಡಿದರೆ ಫ್ರೇಮಿಗೇ ಉಜ್ಜುತ್ತದೆ. ಕನಿಷ್ಠ ನಾಲ್ಕು ಮಿಲಿಮೀಟರ್ ಉಳಿಯಲೇಬೇಕು ಅನ್ನುವುದು ನನ್ನ ಹಠ, ಮುಂದೆ ಮೂರಕ್ಕೆ ಒಪ್ಪುತ್ತೇನೆ. ಹಾಗಾಗಿ ಹಿಂದೆ 25, ಮುಂದೆ 28. ಹೊರೆ ಹೆಚ್ಚು ಹೊರುವ ಕಡೆಗೆ ಸಣ್ಣದು, ಕಮ್ಮಿ ಇರುವ ಕಡೆಗೆ ದೊಡ್ಡದು. ತಲೆಕೆಳಗಿನ ವ್ಯವಹಾರ. ಆದರೆ ಫ್ರೇಮು ಕೊಟ್ಟದ್ದು ಅಷ್ಟೇ ಜಾಗ.

ಇನ್ನೂ ಒಂದು ಎಚ್ಚರ. ಟೈರಿನ ಮೇಲೆ 28 ಅಂತ ಬರೆದ ಮಾತ್ರಕ್ಕೆ ಅದು 28 ಇರಬೇಕಾಗಿಲ್ಲ. ರಿಮ್ಮಿನ ಒಳ ಅಗಲ ಜಾಸ್ತಿ ಇದ್ದರೆ ಅದೇ ಟೈರು 29, 30 ಆಗಿ ಹರಡಿಕೊಳ್ಳುತ್ತದೆ. ಭಾವನದ್ದು ಹಳೇ ಕಾಲದ ರಿಮ್ಮು, ಒಳಗೆ 15 ಮಿಲಿಮೀಟರು, ಆದ್ದರಿಂದ ಬಚಾವು. ಹೊಸ ಸೈಕಲ್ಲುಗಳಲ್ಲಿ 19, 21 ಇರುತ್ತದೆ. ಅವರು ಇಲ್ಲಿನ ಅಂಕಿಗಳನ್ನು ಹಾಗೇ ನಕಲು ಮಾಡಬಾರದು.

ಗಟ್ಟಿ ಟೈರಿನ ಆಸೆ

ಭಾವನ ಮನಸ್ಸಿನಲ್ಲಿದ್ದದ್ದು ಮಾತ್ರ ಬೇರೆ. ಯಾರೋ ಅವರಿಗೆ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ತೋರಿಸಿದ್ದರು. ಅದರಲ್ಲಿ ಹೊರ ರಬ್ಬರಿನ ಕೆಳಗೆ 5 ಮಿಲಿಮೀಟರ್ ದಪ್ಪದ ಮೆತ್ತನೆ ರಬ್ಬರಿನ ಪದರ ಇರುತ್ತದೆ. ಡ್ರಾಯಿಂಗ್ ಪಿನ್ ಚುಚ್ಚಿದರೂ ಟ್ಯೂಬಿಗೆ ತಲುಪುವುದಿಲ್ಲ. ಒಳ್ಳೆಯ ಟೈರೇ. ಟೂರಿಂಗ್ ಹೋಗುವವರು ಸಾವಿರಾರು ಕಿಲೋಮೀಟರ್ ಅದರ ಮೇಲೆ ಹೋಗುತ್ತಾರೆ. ಕೇಳಿದವರಿಗೆಲ್ಲ ಆಸೆಯಾಗುತ್ತದೆ.

ನಾನು ವಾದ ಮಾಡಲಿಲ್ಲ. ನನ್ನ ಹಳೇ ಸೈಕಲ್ಲಿನಲ್ಲಿ ಅದೇ ಜಾತಿಯ ದಪ್ಪ ಟೈರು ಇತ್ತು. "ಒಂದು ವಾರ ಇದರಲ್ಲಿ ಆಫೀಸಿಗೆ ಹೋಗಿ ಬನ್ನಿ" ಅಂತ ಕೊಟ್ಟೆ. ಶುಕ್ರವಾರ ರಾತ್ರಿ ಫೋನ್ ಬಂತು.

"ಪಂಕ್ಚರ್ ಆಗ್ಲಿಲ್ಲಪ್ಪ. ಆದ್ರೆ ಹನುಮಂತನಗರದ ಏರಿನಲ್ಲಿ ಯಾರೋ ಹಿಂದಿನಿಂದ ಸೈಕಲ್ ಹಿಡ್ಕೊಂಡಿದಾರೆ ಅನ್ಸುತ್ತೆ. ಎರಡು ಸಲ ತಿರುಗಿ ನೋಡ್ದೆ."

ಇದನ್ನು ಜನ ತೂಕದ ಮೇಲೆ ಹಾಕುತ್ತಾರೆ. ತೂಕ ಅಷ್ಟು ದೊಡ್ಡ ಖಳನಾಯಕ ಅಲ್ಲ. 96 ಕೆಜಿಯಲ್ಲಿ ಎರಡು ಟೈರಿಗೆ ಒಂದು ಕೆಜಿ ಜಾಸ್ತಿಯಾದರೆ ಊಟದ ಡಬ್ಬಿ ಎರಡು ಒಯ್ದಂತೆ, ಅಷ್ಟೇ. ನಿಜವಾದ ಖರ್ಚು ಬೇರೆ ಕಡೆ. ಚಕ್ರ ಉರುಳುವಾಗ ನೆಲಕ್ಕೆ ತಾಗುವ ಭಾಗ ಪ್ರತಿ ಕ್ಷಣ ಮಡಚಿ ಬಿಚ್ಚುತ್ತದೆ. ರಬ್ಬರು ದಪ್ಪ ಇದ್ದಷ್ಟೂ ಆ ಮಡಚುವಿಕೆಗೆ ಶಕ್ತಿ ಬೇಕು, ಅದು ಬಿಸಿಯಾಗಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಚುರುಕಾದ ಟೈರಿಗೆ ಉರುಳುವ ತಡೆಯ ಅಂಕಿ 0.005 ಆಸುಪಾಸು, ತೀರ ಗಟ್ಟಿ ಟೈರಿಗೆ 0.008ರ ಆಸುಪಾಸು ಅಂತ ಹಿಡಿಯೋಣ. ಭಾವನ 96 ಕೆಜಿ, ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಆ ವ್ಯತ್ಯಾಸ ಸುಮಾರು 15 ವ್ಯಾಟ್ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಆ ವೇಗಕ್ಕೆ ಅವರು ಹಾಕುವುದೇ 80 ವ್ಯಾಟಿನ ಹತ್ತಿರ. ಐದರಲ್ಲಿ ಒಂದು ಪಾಲು ರಬ್ಬರು ಬಿಸಿ ಮಾಡುವುದಕ್ಕೆ. ಭಾವ ಹೇಳಿದ್ದು ಸುಳ್ಳಲ್ಲ, ಯಾರೋ ಹಿಂದಿನಿಂದ ಹಿಡಿದುಕೊಂಡೇ ಇದ್ದರು.

ಇನ್ನೊಂದು ತೊಂದರೆ ಅಕ್ಕನ ದೃಷ್ಟಿಯದು. ದಪ್ಪ ಟೈರು ಪಂಕ್ಚರ್ ಆಗುವುದು ಅಪರೂಪ. ಆದರೆ ಆದಾಗ? ಅದರ ಅಂಚು ಬಿಗಿ, ಮೈ ಬಿರುಸು. ರಿಮ್ಮಿನಿಂದ ಬಿಡಿಸಿ ಮತ್ತೆ ಕೂರಿಸಲು ನನಗೇ ಇಪ್ಪತ್ತು ನಿಮಿಷ, ಎರಡು ಉಗುರು ಬೇಕಾಗುತ್ತದೆ. ಸಂಜೆ ಏಳಕ್ಕೆ ಮೈಸೂರು ರಸ್ತೆಯ ಪಕ್ಕದಲ್ಲಿ ಭಾವ ಅದನ್ನು ಮಾಡುವುದು ಕನಸಿನ ಮಾತು.

ಎದುರು ತುದಿಯಲ್ಲಿ ಕಾಂಟಿನೆಂಟಲ್‌ನವರ ಗ್ರ್ಯಾಂಡ್ ಪ್ರಿ 5000 ಥರದ ರೇಸ್ ಟೈರು. ಬೆಣ್ಣೆಯ ಹಾಗೆ ಹೋಗುತ್ತದೆ. ಆದರೆ ತೆಳುವು, ದುಬಾರಿ, ಬೇಗ ಸವೆಯುತ್ತದೆ. ಲಾರಿ ತಂತಿಯ ರಸ್ತೆಗೆ ಅಲ್ಲ. ಟ್ಯೂಬ್‌ಲೆಸ್ ಮಾತೂ ಬಂತು. ಭಾವನ ರಿಮ್ಮು ಅದಕ್ಕೆ ಮಾಡಿದ್ದಲ್ಲ, ಒಳಗಿನ ತೂತು ಮುಚ್ಚುವ ಸೀಲಂಟ್ ದ್ರವ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಮತ್ತೆ ಮತ್ತೆ ತುಂಬುವ ರಗಳೆ. ಅಲ್ಲಿಗೆ ಬಿಟ್ಟೆವು.

"ಮೇಲೆ ಗೀರು ಇರೋದು ಬೇಡ್ವಾ? ಮಳೇಲಿ ಜಾರಲ್ವಾ?" ಅಂತ ಭಾವ ಕೇಳಿದರು. ಇದು ಎಲ್ಲರೂ ಕೇಳುವ ಪ್ರಶ್ನೆ. ಕಾರಿನ ಟೈರು ಅಗಲ, ಗಾಳಿ ಕಮ್ಮಿ, ವೇಗ ಜಾಸ್ತಿ. ಅದು ನೀರಿನ ಮೇಲೆ ತೇಲಬಹುದು, ನೀರು ಹೊರಹೋಗಲು ಗೀರು ಬೇಕು. ಸೈಕಲ್ ಟೈರು ನೆಲಕ್ಕೆ ತಾಗುವುದೇ ಎರಡು ಐದು ರೂಪಾಯಿ ನಾಣ್ಯ ಜೋಡಿಸಿಟ್ಟಷ್ಟು ಜಾಗದಲ್ಲಿ, ಅದೂ ಕಾರಿನ ಎರಡು ಮೂರು ಪಟ್ಟು ಒತ್ತಡದಲ್ಲಿ. ನೀರನ್ನು ತಾನೇ ಸೀಳಿಕೊಂಡು ಹೋಗುತ್ತದೆ. ನಮ್ಮ ವೇಗದಲ್ಲಿ ತೇಲುವ ಪ್ರಶ್ನೆಯೇ ಇಲ್ಲ. ಡಾಂಬರಿನ ಮೇಲೆ ನುಣುಪು ಟೈರೇ ಹೆಚ್ಚು ಹಿಡಿಯುತ್ತದೆ. ಜಾರುವುದು ಬಿಳಿ ಪಟ್ಟೆಯ ಬಣ್ಣದ ಮೇಲೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ, ಡೀಸೆಲ್ ಚೆಲ್ಲಿದ ಕಡೆ, ಗಾಂಧಿ ಬಜಾರಿನ ಕಲ್ಲುಹಾಸು ಒದ್ದೆಯಾದಾಗ. ಅಲ್ಲಿ ಗೀರು ಉಪಯೋಗಕ್ಕೆ ಬರುವುದಿಲ್ಲ. ರಬ್ಬರು ಎಷ್ಟು ಮೆತ್ತಗಿದೆ, ಗಾಳಿ ಎಷ್ಟಿದೆ ಅನ್ನುವುದು ಬರುತ್ತದೆ.

ಜೋಡಿ ಅಲ್ವಾ ಸಾರ್?

ಕೊನೆಗೆ ಕೂತು ನಿರ್ಧರಿಸಿದ್ದು ಹೀಗೆ. ಸೈಕಲ್ಲಿನ ಎರಡು ಟೈರುಗಳು ಒಂದೇ ಕೆಲಸ ಮಾಡುವುದಿಲ್ಲ. ಹಾಗಿದ್ದ ಮೇಲೆ ಒಂದೇ ಥರದ್ದು ಯಾಕೆ ಹಾಕಬೇಕು?

ಹಿಂದಿನ ಟೈರು ಭಾರ ಹೊರುತ್ತದೆ, ಪೆಡಲಿನ ಬಲ ತಿನ್ನುತ್ತದೆ, ಬೇಗ ಸವೆಯುತ್ತದೆ. ಪಂಕ್ಚರೂ ಅದರದ್ದೇ ಪಾಲು. ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನದು ಬಂದು ಅದರ ಮೇಲೆ ಹತ್ತುತ್ತದೆ. ಹಾಗಾಗಿ ಹಿಂದಕ್ಕೆ ಗಟ್ಟಿ ಬೇಕು. ಅದು ಸ್ವಲ್ಪ ಜಾರಿದರೂ ಸವಾರ ಸುಧಾರಿಸಿಕೊಳ್ಳುತ್ತಾನೆ, ಸೊಂಟ ಒಮ್ಮೆ ಅಲ್ಲಾಡುತ್ತದೆ ಅಷ್ಟೇ. ಮುಂದಿನದು ಜಾರಿದರೆ ಸುಧಾರಿಸುವುದಕ್ಕೆ ಸಮಯವೇ ಇಲ್ಲ, ನೆಲದ ಮೇಲೆ ಇರುತ್ತೀರಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಬರುವುದು ಮುಂದಕ್ಕೆ. ಹಾಗಾಗಿ ಮುಂದಕ್ಕೆ ಹಿಡಿತ ಚೆನ್ನಾಗಿರುವ, ಮೆತ್ತನೆಯ, ಅಗಲದ ಟೈರು. ಅಂಗೈಗೆ ಬರುವ ಕುಲುಕೂ ಕಮ್ಮಿಯಾಗುತ್ತದೆ.

ಹಿಂದಕ್ಕೆ ಗೇಟರ್‌ಸ್ಕಿನ್ 25, ಮುಂದಕ್ಕೆ ಗ್ರ್ಯಾಂಡ್ ಪ್ರಿ 4-ಸೀಸನ್ 28. ಎರಡೂ ಕಾಂಟಿನೆಂಟಲ್‌ನವರದ್ದೇ. ಮೊದಲನೆಯದರ ಪಕ್ಕದ ಗೋಡೆಗೂ ಬಲವಾದ ನೈಲಾನ್ ನೇಯ್ಗೆ ಇರುತ್ತದೆ, ಜಲ್ಲಿಯ ಅಂಚಿಗೆ ಕೊಯ್ಯುವುದು ಕಮ್ಮಿ. ಎರಡನೆಯದರಲ್ಲಿ ವೆಕ್ಟ್ರಾನ್ ಅನ್ನುವ ನೂಲಿನ ಪಟ್ಟಿ ಎರಡು ಪದರ ಇದೆ. ಬೇರೆ ಕಂಪನಿಗಳಲ್ಲೂ ಈ ಎರಡು ಜಾತಿಯವು ಸಿಗುತ್ತವೆ, ನಮಗೆ ಅವತ್ತು ಅಂಗಡಿಯಲ್ಲಿ ಸಿಕ್ಕಿದ್ದು ಇವು.

ಅಂಗಡಿಯ ಹುಡುಗನಿಗೆ ಸಮಾಧಾನವಿಲ್ಲ. "ಜೋಡಿ ಅಲ್ವಾ ಸಾರ್? ಒಂದೊಂದು ಒಂದೊಂದು ಥರ ತಗೊಂಡ್ರೆ ನೋಡೋಕೆ ಚೆನ್ನಾಗಿರಲ್ಲ." ಚಪ್ಪಲಿ ಅಂಗಡಿಯಲ್ಲಿ ಎಡಗಾಲಿಗೆ ಹವಾಯಿ, ಬಲಗಾಲಿಗೆ ಬೂಟು ಕೇಳಿದ ಹಾಗೆ ನಮ್ಮನ್ನು ನೋಡಿದ. ಭಾವ, "ನಂದು ಬ್ಯಾಂಕು ಸ್ವಾಮಿ, ಫ್ಯಾಷನ್ ಶೋ ಅಲ್ಲ" ಅಂದರು.

ಟೈರೆರಡಕ್ಕೆ ಎಂಟು ಸಾವಿರದ ಹತ್ತಿರ ಆಯಿತು. ಅದರ ಜೊತೆ ಬಟ್ಟೆಯ ರಿಮ್ ಟೇಪು, 18ರಿಂದ 28ರ ತನಕ ಹೊಂದುವ ಮೂರು ಟ್ಯೂಬು, ಮೀಟರ್ ಇರುವ ನಿಂತು ಹೊಡೆಯುವ ಪಂಪು. ಟ್ಯೂಬು ಆ ಅಳತೆಯದ್ದೇ ಕೊಂಡದ್ದು ಬ್ಯಾಗಿನಲ್ಲಿರುವ ಒಂದೇ ಸ್ಪೇರು ಎರಡೂ ಚಕ್ರಕ್ಕೆ ಆಗಲಿ ಅಂತ. ಜೊತೆಗೆ ಹತ್ತಿಪ್ಪತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್. ಅದನ್ನು ಪ್ರೆಸ್ಟಾ ವಾಲ್ವಿಗೆ ತಿರುಪಿದರೆ ಬೀದಿಯ ಗಾಳಿ ಮಶೀನೂ ಕೂರುತ್ತದೆ. ಇಡೀ ಖರೀದಿಯಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಕೆಲಸ ಮಾಡಿದ್ದು ಅದೇ ಇರಬೇಕು. ಬಿಲ್ಲು ನೋಡಿ ಅಕ್ಕ, "ಸೈಕಲ್ಲಿನ ಅರ್ಧ ದುಡ್ಡು ಇದಕ್ಕೇ ಹೋಯ್ತು" ಅಂದಳು. ಲೆಕ್ಕ ಹೆಚ್ಚೂಕಡಿಮೆ ಸರಿಯೇ ಇತ್ತು.

ಹಾಕುವಾಗ ಭಾವನ ಕೈಲೇ ಹಾಕಿಸಿದೆ. ಟೈರಿನ ಮೇಲಿನ ಕಂಪನಿ ಹೆಸರು ಸರಿಯಾಗಿ ವಾಲ್ವಿನ ಎದುರಿಗೆ ಬರುವ ಹಾಗೆ. ಇದು ಅಂದಕ್ಕಲ್ಲ. ನಾಳೆ ಟ್ಯೂಬಿನಲ್ಲಿ ತೂತು ಸಿಕ್ಕರೆ, ವಾಲ್ವಿನಿಂದ ಎಷ್ಟು ದೂರ ಅಂತ ಅಳೆದು, ಟೈರಿನ ಮೇಲೂ ಅಷ್ಟೇ ದೂರ ಹೋದರೆ ಕಳ್ಳ ಅಲ್ಲೇ ಕೂತಿರುತ್ತಾನೆ. ತಂತಿ ಹುಡುಕುವ ಉಪಾಯವನ್ನೂ ತೋರಿಸಿದೆ. ಬೆರಳಾಡಿಸಿದರೆ ಬೆರಳು ಕೊಯ್ಯುತ್ತದೆ. ಒಂದು ಹತ್ತಿ ಉಂಡೆ ತೆಗೆದುಕೊಂಡು ಟೈರಿನ ಒಳಮೈಯಲ್ಲಿ ನಿಧಾನ ಒರೆಸುತ್ತಾ ಹೋಗಬೇಕು. ತಂತಿಯ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಹಳೇ 23ರ ಹಿಂದಿನ ಟೈರಿನಲ್ಲಿ ಹಾಗೆ ಒರೆಸಿದಾಗ ಎರಡು ಕಡೆ ಹತ್ತಿ ನಿಂತಿತು. ಅಲ್ಲಿಗೆ ಮೂರನೇ, ನಾಲ್ಕನೇ ತಂತಿ ಪೊಟ್ಟಣ ಸೇರಿದವು. ಮುಂದಿನ ವಾರದ ಪಂಕ್ಚರು ಆಗಲೇ ಬುಕ್ ಆಗಿತ್ತು.

ಗಾಳಿ ಹಿಂದೆ 95, ಮುಂದೆ 65. ಪ್ರತಿ ಸೋಮವಾರ ಬೆಳಿಗ್ಗೆ ಅಳೆಯಬೇಕು. 28 ಟೈರಿನ ಒಂದು ಕಿರಿಕಿರಿ ಅವತ್ತೇ ಗೊತ್ತಾಯಿತು. ಗಾಳಿ ತುಂಬಿದ ಮೇಲೆ ಅದು ಬ್ರೇಕ್ ಕಟ್ಟೆಗಳ ನಡುವೆ ನುಗ್ಗುವುದಿಲ್ಲ. ಬ್ರೇಕಿನ ಸಣ್ಣ ಲಿವರ್ ಬಿಚ್ಚಿದರೂ ಇಲ್ಲ. ಚಕ್ರ ಹಾಕಿ ಆಮೇಲೆ ಗಾಳಿ ಹೊಡೆಯಬೇಕು. ಸ್ಪೀಡ್ ಮೀಟರಿನಲ್ಲೂ ಚಕ್ರದ ಸುತ್ತಳತೆ ಬದಲಿಸಿದೆವು. ಅದರ ಮ್ಯಾಗ್ನೆಟ್ ಮುಂದಿನ ಚಕ್ರದಲ್ಲಿತ್ತು, 23ಕ್ಕೆ 2096 ಮಿಲಿಮೀಟರ್ ಇದ್ದದ್ದು 28ಕ್ಕೆ 2136 ಆಯಿತು. ಇಲ್ಲದಿದ್ದರೆ ದಿನಕ್ಕೆ ಅರ್ಧ ಕಿಲೋಮೀಟರ್ ಭಾವನ ಖಾತೆಗೆ ಜಮಾ ಆಗುತ್ತಿರಲಿಲ್ಲ, ಅವರು ಅದನ್ನು ಸಹಿಸುವವರಲ್ಲ.

ಎಂಟು ತಿಂಗಳಾದ ಮೇಲೆ

ಈಗ ಮೇ. ಡೈರಿ ಪ್ರಕಾರ 3,000 ಕಿಲೋಮೀಟರ್ ದಾಟಿದೆ. ಪಂಕ್ಚರ್ ಎರಡು. ಎರಡೂ ಹಿಂದಿನ ಚಕ್ರಕ್ಕೆ.

ಒಂದು ನಾಯಂಡಹಳ್ಳಿಯ ತಂತಿ. ಇನ್ನೊಂದು ಕಡಲೆಕಾಯಿ ಪರಿಷೆ ಮುಗಿದ ವಾರ. ಬುಲ್ ಟೆಂಪಲ್ ರಸ್ತೆಯಲ್ಲಿ ಅಂಗಡಿಗಳ ಕಂಬ ಕಿತ್ತ ಮೇಲೆ ಸಿಪ್ಪೆಯ ನಡುವೆ ಒಂದೂವರೆ ಇಂಚಿನ ಮೊಳೆ ಉಳಿದಿತ್ತು, ಟೈರಿನ ಈ ಕಡೆ ಹೊಕ್ಕು ಪಕ್ಕದಿಂದ ಹೊರಬಂದಿತ್ತು. ಅದನ್ನು ತಡೆಯುವ ಟೈರು ಯಾರೂ ಮಾಡಿಲ್ಲ. ಭಾವ ಒಳಗಿನಿಂದ ಬಿಸ್ಕತ್ತಿನ ಪೊಟ್ಟಣದ ತುಂಡು ಮಡಚಿ ಅಡ್ಡ ಕೊಟ್ಟು, ಸ್ಪೇರ್ ಟ್ಯೂಬು ಹಾಕಿ, 25 ನಿಮಿಷದಲ್ಲಿ ಮನೆ ದಾರಿ ಹಿಡಿದರು. ನನಗೆ ಫೋಟೋ ಕಳಿಸಿದ್ದು ಮನೆಗೆ ಹೋದ ಮೇಲೆ.

ಹಾವು ಕಡಿತ ಒಂದೂ ಇಲ್ಲ. ರಿಮ್ಮಿನ ಕಡೆಯ ತೂತೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಮೊದಲ ಹನ್ನೊಂದು ವಾರ ಪೂರ್ತಿ ಮಳೆಗಾಲ, ಆಮೇಲಿನ ಎಂಟು ತಿಂಗಳಲ್ಲಿ ಹೆಚ್ಚಿನದು ಒಣ ರಸ್ತೆ. ಟೈರಿಗೆ ಎಷ್ಟು ಮಾರ್ಕ್ಸು, ಪಂಪಿಗೆ ಎಷ್ಟು, ಬಿಸಿಲಿಗೆ ಎಷ್ಟು ಅಂತ ಬಿಡಿಸಿ ಹೇಳುವುದು ಈ ಜೂನ್‌ ಕಳೆದ ಮೇಲೇ. ನನ್ನ ಅಂದಾಜು ಕೇಳಿದರೆ ಪಂಪಿಗೆ ಫಸ್ಟ್ ಕ್ಲಾಸು.

ವೇಗ ಬದಲಾಗಲಿಲ್ಲ. ಮೊದಲೂ 50 ನಿಮಿಷ, ಈಗಲೂ 50. ಸಿಗ್ನಲ್ಲುಗಳು ಟೈರು ನೋಡುವುದಿಲ್ಲ. ಬದಲಾದದ್ದು ಕೈ. ಮೊದಲು ಆಫೀಸಿಗೆ ಹೋದ ಮೇಲೆ ಕಿರುಬೆರಳು ಜೋಮು ಹಿಡಿದು ಹತ್ತು ನಿಮಿಷ ಸಹಿ ಮಾಡಲು ಆಗುತ್ತಿರಲಿಲ್ಲವಂತೆ. ಈಗ ಆ ದೂರು ಬಂದಿಲ್ಲ.

ಈ ಆಯ್ಕೆಯ ಒಂದು ನಷ್ಟ ಈಗ ಎದುರಿಗೆ ಬಂದಿದೆ. ಸಾಮಾನ್ಯವಾಗಿ ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕುತ್ತೇವೆ. ಒಳ್ಳೆಯದು ಯಾವಾಗಲೂ ಮುಂದೆ ಇರಲಿ ಅಂತ. ಭಾವನ ಸೈಕಲ್ಲಿನಲ್ಲಿ ಅದು ನಡೆಯುವುದಿಲ್ಲ, 28 ಹಿಂದೆ ಹಿಡಿಸುವುದಿಲ್ಲವಲ್ಲ. ಹಿಂದಿನ ಟೈರಿನ ನಡು ಆಗಲೇ ಚಪ್ಪಟೆಯಾಗಿದೆ. ಸವೆತ ತೋರಿಸುವ ಎರಡು ಪುಟ್ಟ ಗುಳಿಗಳು ಇನ್ನೂ ಕಾಣುತ್ತಿವೆ, ದಸರಾ ಹೊತ್ತಿಗೆ ಮಾಯವಾಗಬಹುದು. ಆಗ ಹಿಂದಕ್ಕೆ ಒಂದೇ ಟೈರು ಕೊಳ್ಳಬೇಕು, ಮುಂದಿನದು ಅಲ್ಲೇ ಇದ್ದು ವಯಸ್ಸಾಗಬೇಕು.

ಇದನ್ನು ಹೇಳಿದಾಗ ಭಾವ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಕೇಳಿದರು, "ಡಿಸ್ಕ್ ಬ್ರೇಕ್ ಇರೋ ಸೈಕಲ್ಲಲ್ಲಿ 32 ಹಿಡಿಸುತ್ತಂತೆ ಹೌದಾ?"

ಅಡುಗೆಮನೆಯಿಂದ ಅಕ್ಕನ ಸೌಟಿನ ಸದ್ದು ನಿಂತಿತು. ನಾನು ಕಾಫಿ ಕುಡಿದು ಎದ್ದು ಬಂದೆ.